ಮಕ್ಕಳ ಕೈಗೆ ಮೀಟರ್ ಕೊಡುವ ಮುಂಚೆ

"ಮಿಸ್, ಗುಂಡಿ ನೀರು ಬೋರ್ ನೀರಿಗಿಂತ ಒಳ್ಳೇದಾ?"

ಆರನೇ ತರಗತಿಯ ಹುಡುಗಿಯೊಬ್ಬಳು ನೀರು ಅಳೆಯುವ ಟಿಡಿಎಸ್ ಮೀಟರ್ ಹಿಡಿದುಕೊಂಡು ಬಂದು ಹೀಗೆ ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹಿಂದಿನ ರಾತ್ರಿ ಮಳೆ ಬಂದು ಶಾಲೆ ಗೇಟಿನ ಹತ್ತಿರ ಗುಂಡಿಯಲ್ಲಿ ನೀರು ನಿಂತಿತ್ತು. ಎಮ್ಮೆಗಳು ತುಳಿದು ಹೋಗಿದ್ದ ನೀರು. ಅದರಲ್ಲಿ ಮೀಟರ್ 90 ತೋರಿಸಿತ್ತು. ನಾವು ದಿನಾ ಕೈ ತೊಳೆಯುವ ಬೋರ್ ನೀರಿನಲ್ಲಿ 1,180. "ಕಮ್ಮಿ ಬಂದರೆ ಒಳ್ಳೆ ನೀರು" ಅಂತ ಹಿಂದಿನ ದಿನ ಹೇಳಿಕೊಟ್ಟವಳು ನಾನೇ. ಆ ಮಗು ನನ್ನ ಮಾತು ನಂಬಿಕೊಂಡೇ ಕೇಳಿತ್ತು.

ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಯಾವ ಸಾಧನ ಮಕ್ಕಳ ಕೈಗೆ ಹೋಗುವುದಿದ್ದರೂ, ಅದಕ್ಕೆ ಮೊದಲು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಸುತ್ತೇನೆ. "ಇದು ಏನು ಹೇಳುತ್ತದೆ." "ಇದು ಏನು ಹೇಳುವುದಿಲ್ಲ." ಎರಡನೇ ಸಾಲು ಬರೆಯದೆ ಯಾರೂ ಮೀಟರ್ ಮುಟ್ಟುವ ಹಾಗಿಲ್ಲ.

ನಾನಿರುವುದು ಕೋಲಾರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ನಾಲ್ಕು ವರ್ಷದಿಂದ ನಮ್ಮ ಐದು, ಆರು, ಏಳನೇ ತರಗತಿ ಮಕ್ಕಳು ಊರಿನ ನೀರು, ಕೆರೆ, ಮಳೆ ಅಳೆದು ಬರೆದಿಡುತ್ತಿದ್ದಾರೆ. ಕ್ಲಸ್ಟರ್ ಸಭೆಗೆ ಹೋದಾಗಲೆಲ್ಲ ಬೇರೆ ಶಾಲೆಯ ಟೀಚರುಗಳು "ಹೇಗೆ ಮಾಡಿಸೋದು?" ಅಂತ ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಹಾಲಿನಿಂದ ಶುರು ಮಾಡಿ

ನಮ್ಮ ಕಡೆ ಮಕ್ಕಳಿಗೆ ಅಳತೆ ಅನ್ನುವುದು ಹೊಸದಲ್ಲ. ಬೆಳಗ್ಗೆ ಕ್ಯಾನ್ ಹಿಡಿದು ಡೇರಿಗೆ ಹೋಗುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಲ್ಯಾಕ್ಟೋಮೀಟರ್ ತೇಲಿಬಿಡುವುದನ್ನು ನೋಡಿರುತ್ತಾರೆ. "ಡಿಗ್ರಿ ಬಂದಿಲ್ಲ" ಅಂತ ಹಾಲು ವಾಪಸ್ ಕಳಿಸಿದ್ದನ್ನೂ ನೋಡಿರುತ್ತಾರೆ.

ಒಂದು ದಿನ ಡೇರಿಯಿಂದ ಲ್ಯಾಕ್ಟೋಮೀಟರ್ ಕೇಳಿ ತನ್ನಿ. ಒಂದು ಉದ್ದನೆ ಲೋಟದಲ್ಲಿ ಹಾಲು ಹಾಕಿ, ಡಿಗ್ರಿ ಓದಿಸಿ. ಸ್ವಲ್ಪ ನೀರು ಬೆರೆಸಿ. ಡಿಗ್ರಿ ಇಳಿಯುತ್ತದೆ. ಈಗ ಎರಡು ಚಮಚ ಸಕ್ಕರೆ ಹಾಕಿ ಕಲಸಿ. ಡಿಗ್ರಿ ಮತ್ತೆ ಏರುತ್ತದೆ! ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ಹಾಲು ಎಷ್ಟು ಮಂದವಾಗಿದೆ ಅನ್ನುವುದಷ್ಟೇ ಲ್ಯಾಕ್ಟೋಮೀಟರಿಗೆ ಗೊತ್ತು. ಆ ಮಂದ ಹಾಲಿನದ್ದೋ ಸಕ್ಕರೆಯದ್ದೋ ಅದಕ್ಕೆ ತಿಳಿಯದು. ಆ ಎರಡು ಸಾಲು ಬರೆಸುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಆಮೇಲೆ ಊರು ಸುತ್ತಿ. ನೀರುಗಂಟಿಯನ್ನು ಜೊತೆಗೆ ಕರೆದುಕೊಳ್ಳಿ. ಯಾವ ಬೋರಿನಿಂದ ಯಾವ ಟ್ಯಾಂಕಿಗೆ ನೀರು ಹೋಗುತ್ತದೆ, ಯಾವ ಬೀದಿಗೆ ಯಾವ ದಿನ ಬಿಡುತ್ತಾರೆ, ಯಾವ ಬೋರ್ ಬತ್ತಿದೆ, ಎಲ್ಲ ಅವರಿಗೆ ಬಾಯಿಪಾಠ. ನಮ್ಮೂರಿನ ನೀರುಗಂಟಿ ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ಮಕ್ಕಳೂ ಹಾಗೇ ಕೇಳುತ್ತಾರೆ. ಬರೆಯುವುದು ಮಾತ್ರ ಕನ್ನಡದಲ್ಲಿ. ಬಂದ ಮೇಲೆ ಒಂದು ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಬೋರ್, ಮಿನಿ ಟ್ಯಾಂಕ್, ಶುದ್ಧ ನೀರಿನ ಘಟಕ, ಚರಂಡಿ, ರಾಜಕಾಲುವೆ, ಕೆರೆ, ತೂಬು, ಕೋಡಿ ಎಲ್ಲ ಬರೆಸಿ.

ನಕ್ಷೆ ಮುಂದೆ ಕೂರಿಸಿಕೊಂಡು ಪ್ರಶ್ನೆ ಕೇಳಿಸಿ. "ನಮ್ಮೂರ ನೀರು ಯಾಕೆ ಹಾಳಾಗಿದೆ?" ಅನ್ನುವ ಪ್ರಶ್ನೆಯಿಂದ ಏನೂ ಅಳೆಯಲಾಗುವುದಿಲ್ಲ. "ಕೆರೆ ಪಕ್ಕದ ಬೋರಿಗೂ ಗುಡ್ಡದ ಪಕ್ಕದ ಬೋರಿಗೂ ಎಷ್ಟು ವ್ಯತ್ಯಾಸ?" ಅನ್ನುವುದನ್ನು ಅಳೆಯಬಹುದು. ಪ್ರಶ್ನೆ ಮಕ್ಕಳದ್ದೇ ಆಗಿರಲಿ. ನಾವು ಬರೆದುಕೊಟ್ಟ ಪ್ರಶ್ನೆಗೆ ಅವರು ಎರಡು ವಾರಕ್ಕಿಂತ ಜಾಸ್ತಿ ದುಡಿಯುವುದಿಲ್ಲ. ನಾನು ನೋಡಿದ್ದೇನೆ.

ಟಿಡಿಎಸ್ ಮೀಟರ್

ಪೆನ್ನಿನ ಹಾಗಿರುತ್ತದೆ. ನಾನು ಕೊಂಡದ್ದು 250 ರೂಪಾಯಿಗೆ. ತುದಿಯಲ್ಲಿ ಎರಡು ಲೋಹದ ಕಡ್ಡಿ. ಒಂದರಿಂದ ಇನ್ನೊಂದಕ್ಕೆ ನೀರಿನ ಮೂಲಕ ಚೂರು ಕರೆಂಟ್ ಹರಿಯುತ್ತದೆ. ನೀರಿನಲ್ಲಿ ಕರಗಿದ ಲವಣ ಜಾಸ್ತಿ ಇದ್ದರೆ ಕರೆಂಟ್ ಜಾಸ್ತಿ. ಅದನ್ನು ಲೆಕ್ಕ ಹಾಕಿ ಪಿಪಿಎಂನಲ್ಲಿ ತೋರಿಸುತ್ತದೆ. ಪಿಪಿಎಂ ಅಂದರೆ ಹೆಚ್ಚುಕಮ್ಮಿ ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ.

ಈಗ ಗುಂಡಿ ನೀರಿನ ಕಥೆ ಬಿಡಿಸಿಕೊಳ್ಳುತ್ತದೆ ಅಲ್ವಾ? ಮಳೆ ನೀರಿನಲ್ಲಿ ಲವಣ ತುಂಬ ಕಮ್ಮಿ. ಬೋರ್ ನೀರು ವರ್ಷಗಟ್ಟಲೆ ಬಂಡೆಯ ಸಂದಿಯಲ್ಲಿ ಕೂತು ಲವಣ ಕರಗಿಸಿಕೊಂಡು ಬಂದಿರುತ್ತದೆ. ಗುಂಡಿಯಲ್ಲಿರುವ ಕೆಸರು, ಸಗಣಿ, ರೋಗಾಣು ಮೀಟರಿಗೆ ಕಾಣುವುದೇ ಇಲ್ಲ. ಹಾಗಾಗಿ ಎರಡು ಸಾಲು ಹೀಗಾಯಿತು: "ಕರಗಿದ ಲವಣ ಒಟ್ಟು ಎಷ್ಟು ಎಂದು ಹೇಳುತ್ತದೆ. ಯಾವ ಲವಣ, ರೋಗಾಣು ಇದೆಯಾ, ಕುಡಿಯಬಹುದಾ ಎಂದು ಹೇಳುವುದಿಲ್ಲ."

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಟಿಡಿಎಸ್ 500ರ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ. ಈ ಎರಡು ಅಂಕಿ ಗೋಡೆ ಮೇಲೆ ಬರೆಸಿ.

ಅಳೆಯುವ ಕ್ರಮ ಹೀಗೆ. ಕೈಪಂಪೋ ನಲ್ಲಿಯೋ ಇದ್ದರೆ ಎರಡು ನಿಮಿಷ ನೀರು ಬಿಡಿ, ಪೈಪಿನಲ್ಲಿ ನಿಂತಿದ್ದ ನೀರು ಹೋಗಲಿ. ಹಾಗೆ ಬಿಟ್ಟ ನೀರನ್ನು ಬಕೆಟ್ಟಿಗೆ ಹಿಡಿದು ಗಿಡಕ್ಕೆ ಹಾಕಿ. ಲೋಟವನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಮೀಟರನ್ನು ಗೆರೆಯವರೆಗೆ ಮಾತ್ರ ಅದ್ದಬೇಕು. ಮೆಲ್ಲಗೆ ಅಲ್ಲಾಡಿಸಿದರೆ ಕಡ್ಡಿಗೆ ಅಂಟಿದ ಗುಳ್ಳೆ ಹೋಗುತ್ತದೆ. ಅಂಕಿ ನಿಲ್ಲುವವರೆಗೆ ಕಾಯಬೇಕು. ಮೂವರು ಮಕ್ಕಳು ಬೇರೆ ಬೇರೆಯಾಗಿ ಓದಲಿ, ಒಬ್ಬರದ್ದು ಇನ್ನೊಬ್ಬರಿಗೆ ಹೇಳದೆ. ಮೂರರಲ್ಲಿ ನಡುವಿನ ಅಂಕಿಯನ್ನು ಬರೆದುಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ಎಷ್ಟೋ ಮೀಟರ್‌ಗಳಲ್ಲಿ ಮೂರೇ ಅಂಕಿ ತೋರಿಸಲು ಜಾಗ. 999 ದಾಟಿದರೆ ಮೂಲೆಯಲ್ಲಿ ಸಣ್ಣಗೆ "×10" ಎಂದು ಬರುತ್ತದೆ. ನಮ್ಮ ಬೋರಿನ ಮೊದಲ ತಿಂಗಳ ಅಂಕಿಯೆಲ್ಲ 118, 121, 117 ಎಂದು ಬರೆದುಬಿಟ್ಟಿದ್ದೆವು. ಒಬ್ಬ ಹುಡುಗ ಕಣ್ಣು ಹತ್ತಿರ ಇಟ್ಟು "ಇಲ್ಲೇನೋ ಹತ್ತು ಅಂತ ಇದೆ ಮಿಸ್" ಅಂದ. ಎಲ್ಲವನ್ನೂ ಹತ್ತರಿಂದ ಗುಣಿಸಬೇಕಿತ್ತು. ಹಳೆಯ ಅಂಕಿ ಅಳಿಸಬೇಡಿ. ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಯಾಕೆ ತಪ್ಪಾಯಿತು ಅಂತ ಒಂದು ಸಾಲು ಸೇರಿಸಿ.

ಮೀಟರ್ ಸರಿ ಇದೆಯಾ ಎಂದು ನೋಡಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಅದರಲ್ಲಿ ಸೊನ್ನೆಯ ಆಸುಪಾಸು ಬರಬೇಕು. ಚಿನ್ನಬೆಳ್ಳಿ ಅಂಗಡಿಯಲ್ಲಿ ಒಂದು ಗ್ರಾಂ ಉಪ್ಪು ತೂಗಿಸಿಕೊಂಡು ಒಂದು ಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿದರೆ 1,000ದ ಹತ್ತಿರ ಬರಬೇಕು. ಒಂದೊಂದು ಮೀಟರ್ ಒಂದೊಂದು ಲೆಕ್ಕ ಹಾಕುವುದರಿಂದ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ಆ ವ್ಯತ್ಯಾಸ ಬರೆದಿಟ್ಟುಕೊಂಡು, ವರ್ಷವಿಡೀ ಅದೇ ಮೀಟರ್ ಬಳಸಿ.

ಮೀಟರಿಲ್ಲದೆಯೂ ನಮ್ಮ ಮಕ್ಕಳು ಒಂದು ಒಳ್ಳೆಯ ಕೆಲಸ ಮಾಡಿದರು. ಶುದ್ಧ ನೀರಿನ ಘಟಕದ ಹಿಂದೆ ಒಂದು ಪೈಪಿನಿಂದ ದಿನವಿಡೀ ನೀರು ಚರಂಡಿಗೆ ಹೋಗುತ್ತಿತ್ತು. ಶೋಧಿಸಿ ಉಳಿದ ನೀರು. ಒಂದೇ ಅಳತೆಯ ಎರಡು ಬಕೆಟ್, ಫೋನಿನ ಸ್ಟಾಪ್‌ವಾಚ್. ಒಳ್ಳೆಯ ನೀರಿನ ನಲ್ಲಿಯಲ್ಲಿ ಒಂದು ಬಕೆಟ್ ತುಂಬುವಷ್ಟರಲ್ಲಿ ಹಿಂದಿನ ಪೈಪಿನಲ್ಲಿ ಎರಡು ತುಂಬಿ ಉಳಿಯಿತು. ಬೋರ್ ಇಷ್ಟು ಆಳ ಹೋಗಿರುವ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ.

ಫ್ಲೋರೈಡ್: ಇಲ್ಲಿ ಮೆಲ್ಲಗೆ ಹೆಜ್ಜೆ ಇಡಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಯ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಅದು ನಮ್ಮ ಗ್ರಾನೈಟ್ ಬಂಡೆಯಿಂದಲೇ ಕರಗಿ ಬರುವುದು. ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5. ಇಷ್ಟು ಸಣ್ಣ ಅಂಕಿಯನ್ನು ಟಿಡಿಎಸ್ ಮೀಟರ್ ಹಿಡಿಯಲಾರದು. ಸಾವಿರದ ಲೆಕ್ಕದಲ್ಲಿ ಒಂದೂವರೆ ಎಲ್ಲಿ ಕಾಣಬೇಕು?

ಇದಕ್ಕೆ ಬೇರೆ ಕಿಟ್ ಬೇಕು. ಜಲ ಜೀವನ್ ಮಿಷನ್ನಿನಲ್ಲಿ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಊರಿನ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮ್ಮೂರಲ್ಲಿ ಯಾರು ಕಲಿತಿದ್ದಾರೆ ಅಂತ ವಿಚಾರಿಸಿ, ಶಾಲೆಗೆ ಕರೆಸಿ. ನೀರಿಗೆ ಔಷಧಿ ಹನಿ ಹಾಕಿ, ಬಂದ ಬಣ್ಣವನ್ನು ಬಣ್ಣದ ಪಟ್ಟಿಯ ಜೊತೆ ಹೋಲಿಸಿ ನೋಡುವುದು. ಹನಿ ಹಾಕುವುದು ದೊಡ್ಡವರು, ಬಣ್ಣ ಓದುವುದು ಮಕ್ಕಳು. ನೆರಳಿನಲ್ಲಿ, ಬಿಳಿ ಹಾಳೆ ಹಿಂದೆ ಇಟ್ಟು ಓದಿಸಿ. ನಮ್ಮಲ್ಲಿ ಕಲಿತಿದ್ದವರು ಏಳನೇ ತರಗತಿ ಹುಡುಗಿಯ ಅತ್ತೆ. ಆ ದಿನ ಆ ಹುಡುಗಿಯ ಮುಖ ನೋಡಬೇಕಿತ್ತು.

ಅದೇ ಕಿಟ್‌ನಲ್ಲಿ ರೋಗಾಣು ಪರೀಕ್ಷೆಗೆ ಸಣ್ಣ ಬಾಟಲಿ ಬರುತ್ತದೆ. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ, ಮಲದ ಸೋಂಕು ನೀರಿಗೆ ಸೇರಿರುವ ಸಾಧ್ಯತೆ ಇದೆ ಅಂತ. ಕಪ್ಪಾದ ಬಾಟಲಿಯನ್ನು ಮಕ್ಕಳು ತೆರೆಯಬಾರದು. ನೀವೇ ಬ್ಲೀಚಿಂಗ್ ಪೌಡರ್ ಹಾಕಿಟ್ಟು ಆಮೇಲೆ ಚೆಲ್ಲಿ. ನಮ್ಮ ಗುಂಡಿ ನೀರನ್ನು ಇದರಲ್ಲಿ ಹಾಕಿಟ್ಟಿದ್ದೆವು. ಮಾರನೇ ದಿನವೇ ಮಸಿಯಾಗಿತ್ತು. ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಗ.

ಮೆಲ್ಲಗೆ ಹೆಜ್ಜೆ ಇಡಿ ಅಂದದ್ದು ಹಲ್ಲಿನ ವಿಷಯಕ್ಕೆ. ಫ್ಲೋರೈಡ್ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಬಿಳಿ ಮಚ್ಚೆ, ಕಂದು ಗೆರೆ ಇರುತ್ತದೆ. ಪಾಠ ಶುರುವಾದ ತಕ್ಷಣ ಎಲ್ಲರೂ ಒಬ್ಬರ ಕಡೆ ತಿರುಗಿ ನೋಡುತ್ತಾರೆ. ಆ ಮಗು ಬಾಯಿ ಮುಚ್ಚಿಕೊಂಡು ಕೂರುತ್ತದೆ. ದಯವಿಟ್ಟು ತರಗತಿಯಲ್ಲಿ ಹಲ್ಲು ಎಣಿಸುವ ಕೆಲಸ ಮಾಡಿಸಬೇಡಿ. ಇದು ಹಲ್ಲುಜ್ಜದೆ ಬಂದದ್ದಲ್ಲ, ನೀರಿನಿಂದ ಬಂದದ್ದು ಅಂತ ಮೊದಲೇ ಗಟ್ಟಿಯಾಗಿ ಹೇಳಿ. ಇನ್ನೊಂದು ವಿಷಯ ಮನೆಗೂ ಮುಟ್ಟಿಸಿ: ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಕುದ್ದು ಕಮ್ಮಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಅಂಶ ಜಾಸ್ತಿಯಾಗುತ್ತದೆ.

ಕೆರೆಯನ್ನು ಏರಿ ಮೇಲಿಂದಲೇ ನೋಡಿ

ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ನೀರು ಕೋಲಾರಕ್ಕೆ ಬಂದದ್ದು 2018ರಲ್ಲಿ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಚಿಕ್ಕಬಳ್ಳಾಪುರದ ಕಡೆಗೆ ಇಂಥದ್ದೇ ಎಚ್.ಎನ್. ವ್ಯಾಲಿ. ಅಂತರ್ಜಲ ಏರಲಿ ಅಂತ ತಂದ ನೀರು, ನೇರ ಕುಡಿಯುವುದಕ್ಕಲ್ಲ. ವರ್ಷಗಟ್ಟಲೆ ಒಣಗಿದ್ದ ಕೆರೆ ತುಂಬಿದ್ದು ನೋಡಿ ಮಕ್ಕಳ ಅಜ್ಜಿಯರು ಕೈಮುಗಿದರು. ನೀರು ಹಸಿರಾಗುತ್ತಿದೆ ಅಂತ ಅದೇ ಮಕ್ಕಳು ಬಂದು ಹೇಳಿದರು. ಎರಡೂ ನಿಜ. ಎರಡನ್ನೂ ಬರೆಸಿ.

ಕೆರೆಗೆ ಹೋಗುವ ಮುಂಚೆ ಮನೆಯವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಹತ್ತು ಮಕ್ಕಳಿಗೆ ಇಬ್ಬರು ದೊಡ್ಡವರು. ಯಾರೂ ಏರಿಯಿಂದ ಕೆಳಗೆ ಇಳಿಯಬಾರದು. ಮಣ್ಣು ತೆಗೆದ ಆಳದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ. ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ನೀವೇ ನೀರು ಎತ್ತಿ. ಬಂದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ.

ನೀರಿನ ತಿಳಿ ಅಳೆಯಲು ಒಂದು ಕೊಳವೆ ಮಾಡಿಕೊಳ್ಳಿ. ಎರಡು ಲೀಟರಿನ ಎರಡು ತಿಳಿ ಬಾಟಲಿ. ಒಂದರ ಕತ್ತು ಮಾತ್ರ ಕತ್ತರಿಸಿ. ಇನ್ನೊಂದರ ಕತ್ತು, ತಳ ಎರಡೂ ಕತ್ತರಿಸಿ, ಮೊದಲನೆಯದರ ಮೇಲೆ ಕೂರಿಸಿ ಸಿಲಿಕಾನ್ ಅಂಟು ಹಚ್ಚಿ. ಒಂದು ದಿನ ಒಣಗಲಿ. ಬಿಳಿ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಅಳಿಸದ ಮಾರ್ಕರಿನಿಂದ ಕಪ್ಪು ಗುಣಾಕಾರ ಚಿಹ್ನೆ ಬರೆದು, ಒಳಗೆ ತಳಕ್ಕೆ ಅಂಟಿಸಿ. ಹೊರಗೆ ಟೇಪಿನಿಂದ ಸೆಂಟಿಮೀಟರ್ ಪಟ್ಟಿ. ಸೊನ್ನೆ ಆ ಚಿಹ್ನೆಯ ಮಟ್ಟಕ್ಕೆ ಬರಲಿ. ಮೇಲಿನಿಂದ ನೋಡುತ್ತಾ ನಿಧಾನಕ್ಕೆ ನೀರು ಸುರಿಯಬೇಕು. ಚಿಹ್ನೆ ಕಾಣದಾದ ಕ್ಷಣ ನಿಲ್ಲಿಸಿ, ಎಷ್ಟು ಸೆಂಟಿಮೀಟರ್ ಎಂದು ಬರೆಯಬೇಕು. ಅಂಕಿ ಕಮ್ಮಿಯಾದಷ್ಟೂ ನೀರು ಮಬ್ಬು. ಇಟಲಿಯ ಸೆಕ್ಕಿ ಎಂಬ ಪಾದ್ರಿ 1865ರಲ್ಲಿ ಬಿಳಿ ತಟ್ಟೆಯನ್ನು ಸಮುದ್ರಕ್ಕೆ ಇಳಿಬಿಟ್ಟು ಇದನ್ನೇ ಮಾಡಿದ್ದು. ಕೊಳವೆ ಮಬ್ಬು ಎಷ್ಟು ಎಂದು ಹೇಳುತ್ತದೆ, ಅದು ಮಣ್ಣಿನದ್ದೋ ಪಾಚಿಯದ್ದೋ ಹೇಳುವುದಿಲ್ಲ.

ಪಾಚಿಯಾ ಎಂದು ನೋಡಲು ಫೋನ್ ಸಾಕು. ತೆಳು ಪಾರದರ್ಶಕ ಹಾಳೆಯ ಮೇಲೆ ಕೆರೆ ನೀರಿನ ಒಂದು ಹನಿ. ಫೋನಿನ ಕ್ಯಾಮೆರಾ ಮೇಲೆ ಶುದ್ಧ ನೀರಿನ ಒಂದು ಸಣ್ಣ ಹನಿ, ಅದೇ ಭೂತಗನ್ನಡಿ. ಕೈ ನಡುಗದಿದ್ದರೆ ಹಸಿರು ಎಳೆ ಕಾಣುತ್ತದೆ. ಇದಕ್ಕಿಂತ ಚೆನ್ನಾಗಿ ನೋಡಬೇಕಾದರೆ ಫೋಲ್ಡ್‌ಸ್ಕೋಪ್ ತರಿಸಿ. ಕಾಗದ ಮಡಚಿ ಮಾಡುವ ಮೈಕ್ರೋಸ್ಕೋಪ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತವರ ತಂಡ ಮಾಡಿದ್ದು. 140 ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದರಲ್ಲಿ ಮೊದಲ ಸಲ ಏನೋ ಓಡಾಡಿದ್ದು ಕಂಡಾಗ ಇಡೀ ತರಗತಿ ಕಿರುಚಿತು.

ಫೋನಿನ ಇನ್ನೊಂದು ಉಪಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಏರಿಯ ಮೇಲೆ ಒಂದು ಕಲ್ಲಿಗೆ ಸುಣ್ಣ ಬಳಿದು ಗುರುತು ಮಾಡಿ. ಪ್ರತಿ ತಿಂಗಳ ಮೊದಲ ಶನಿವಾರ ಅದೇ ಕಲ್ಲಿನ ಮೇಲೆ ನಿಂತು, ಅದೇ ದಿಕ್ಕಿಗೆ, ಒಂದು ಫೋಟೋ. ಅಷ್ಟೇ. ಹನ್ನೆರಡು ಫೋಟೋ ಸಾಲಾಗಿ ಅಂಟಿಸಿದ ದಿನ ಕೆರೆ ಉಸಿರಾಡುವುದು ಕಾಣುತ್ತದೆ. ಫೋಟೋದಲ್ಲಿ ಮಕ್ಕಳ ಮುಖ ಬೇಡ.

ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ತೆಗೆದು ನಿಮ್ಮ ಕೆರೆ ತೋರಿಸಿ. ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್, ಕೆರೆ, ಕಾಲುವೆ ಕಾಣುತ್ತದೆ. ನಕ್ಷೆಯಲ್ಲಿರುವ ರಾಜಕಾಲುವೆ ನೆಲದ ಮೇಲೆ ಇದೆಯಾ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅಲ್ಲಿಗೆ ನಿಲ್ಲಿಸಿ. ಯಾರ ಜಮೀನು, ಯಾರು ಒತ್ತಿದ್ದಾರೆ ಅನ್ನುವುದು ದೊಡ್ಡವರು ಅಳೆಸಿ ನೋಡಬೇಕಾದದ್ದು. ಆ ಜಗಳದ ಮುಂದೆ ಮಗುವನ್ನು ನಿಲ್ಲಿಸಬಾರದು.

ಮಳೆ, ಧೂಳು, ಸದ್ದು

ಮಳೆ ಮಾಪಕ ಎಲ್ಲ ಶಾಲೆಯಲ್ಲೂ ಇರಲಿ. ನೆಟ್ಟಗಿನ ಬಾಟಲಿಯ ಕತ್ತು ಕತ್ತರಿಸಿ, ತಲೆಕೆಳಗು ಮಾಡಿ ಆಲಿಕೆಯ ಹಾಗೆ ಇಡಿ. ತಳ ಸಮ ಇರುವುದಿಲ್ಲ, ಹಾಗಾಗಿ ಮೊದಲು ಸ್ವಲ್ಪ ನೀರು ತುಂಬಿ ಅಲ್ಲಿ ಸೊನ್ನೆ ಗೆರೆ ಹಾಕಿ. ಮರ, ಗೋಡೆಯಿಂದ ದೂರ ಇಡಿ. ಬೆಳಗ್ಗೆ 8.30ಕ್ಕೆ ಓದಬೇಕು, ಹವಾಮಾನ ಇಲಾಖೆಯವರು ಓದುವುದೂ ಆಗಲೇ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ನಿಮ್ಮ ಶಾಲೆ ಛಾವಣಿ 100 ಚದರ ಮೀಟರ್ ಇದ್ದು 10 ಮಿಲಿಮೀಟರ್ ಮಳೆ ಬಂದರೆ 1,000 ಲೀಟರ್. ಈ ಗುಣಾಕಾರ ಮಾಡಿದ ಮೇಲೆ ನಮ್ಮ ಮಕ್ಕಳು ಛಾವಣಿಯಿಂದ ಸುರಿಯುವ ನೀರನ್ನು ಸುಮ್ನೆ ನೋಡಿಲ್ಲ.

ಧೂಳಿಗೆ ಚೌಕ ಗೆರೆಯ ಬಿಳಿ ಕಾರ್ಡಿಗೆ ತೆಳ್ಳಗೆ ವ್ಯಾಸಲೀನ್ ಹಚ್ಚಿ, ರಸ್ತೆ ಕಡೆ ಒಂದು, ಹಿಂದಿನ ಗೋಡೆಗೆ ಒಂದು ನೇತುಹಾಕಿ. ಮೂರು ದಿನ ಬಿಟ್ಟು ಒಂದು ಚೌಕದಲ್ಲಿ ಎಷ್ಟು ಕಣ ಎಂದು ಎಣಿಸಿ. ಫೋನಿನ ಸದ್ದು ಅಳೆಯುವ ಆ್ಯಪ್ ನನಗೆ ಅಷ್ಟು ನಂಬಿಕೆ ಇಲ್ಲ. ಒಂದೊಂದು ಫೋನ್ ಒಂದೊಂದು ಹೇಳುತ್ತದೆ. ಒಂದೇ ಫೋನಿನಲ್ಲಿ ಬೆಳಗ್ಗೆ ಸಂಜೆ ಹೋಲಿಸಲು ಮಾತ್ರ ಬಳಸಿ.

ಅಂಕಿ ಯಾರಿಗೆ ಹೇಳಬೇಕು

ಮೊದಲ ವರ್ಷ ನನ್ನಿಂದ ಒಂದು ತಪ್ಪಾಯಿತು. ಪಂಚಾಯಿತಿಗೆ ಹೇಳದೆ ಮಕ್ಕಳನ್ನು ಅಳೆಯಲು ಕಳಿಸಿದೆ. ಸಂಜೆಯೊಳಗೆ "ಸ್ಕೂಲ್ ಮಕ್ಕಳು ನಮ್ಮೂರ ನೀರು ವಿಷ ಅಂತಿದ್ದಾರೆ" ಅಂತ ಊರೆಲ್ಲ ಸುದ್ದಿ. ಮಾರನೇ ದಿನ ಒಬ್ಬರು ಶಾಲೆಗೇ ಬಂದು ಮಕ್ಕಳ ಮುಂದೆ ರೇಗಾಡಿದರು. ಇಬ್ಬರು ಮಕ್ಕಳು ಒಂದು ವಾರ ಮೀಟರ್ ಮುಟ್ಟಲಿಲ್ಲ.

ಹಾಗಾಗಿ ಮೊದಲೇ ಪಂಚಾಯಿತಿಯ ಪಿಡಿಓಗೆ, ಶಾಲಾಭಿವೃದ್ಧಿ ಸಮಿತಿಗೆ (ಎಸ್‌ಡಿಎಂಸಿ) ಒಂದು ಪತ್ರ ಕೊಡಿ. ಮಕ್ಕಳಿಗೆ ಒಂದು ಮಾತು ಕಲಿಸಿ. "ನಿಮ್ಮ ನೀರು ಕೆಟ್ಟಿದೆ" ಅನ್ನಬಾರದು. "ಈ ದಿನ, ಈ ಜಾಗದಲ್ಲಿ, ಇಷ್ಟು ಬಂತು. ಮಾನದಂಡ ಇಷ್ಟು" ಅನ್ನಬೇಕು. ಕಿಟ್‌ನಲ್ಲಿ ಅನುಮಾನ ಬಂದ ನೀರನ್ನು ಲ್ಯಾಬಿಗೆ ಕಳಿಸಿ ಅಂತ ಪಂಚಾಯಿತಿಗೆ ಬರೆದು ಕೊಡಿ. ಲ್ಯಾಬ್ ವರದಿ ಬರುವವರೆಗೆ ಊರಿನಲ್ಲಿ ಏನೂ ಸಾರಬೇಡಿ.

ಮಕ್ಕಳ ಗ್ರಾಮಸಭೆ ಇದಕ್ಕೇ ಇದೆ. ಅದರಲ್ಲಿ ಮಕ್ಕಳು ನಿಂತು ಎರಡು ಬಕೆಟ್ಟಿನ ಲೆಕ್ಕ ಓದಿದರು. ಚರಂಡಿಗೆ ಹೋಗುವ ನೀರನ್ನು ಕೈತೋಟಕ್ಕೆ ಬಿಡಿ ಅಂತ ಒಬ್ಬ ಸದಸ್ಯರು ಹೇಳಿದರು. ಐದನೇ ತರಗತಿ ಹುಡುಗ ಕೈ ಎತ್ತಿ "ಅದರಲ್ಲಿ ಲವಣ ಇನ್ನೂ ಜಾಸ್ತಿ ಇದೆ ಸಾರ್, ನಾವು ಅಳೆದಿದ್ದೀವಿ" ಅಂದ. ಒಂದೂವರೆ ತಿಂಗಳ ಮೇಲೆ ಆ ಪೈಪು ಶಾಲೆಯ ಶೌಚಾಲಯದ ತೊಟ್ಟಿಗೆ ಬಂತು.

ನೋಟ್‌ಬುಕ್ ಒಂದೇ ಇರಲಿ, ದಪ್ಪ ರಟ್ಟಿನದ್ದು. ದಿನಾಂಕ, ಸಮಯ, ಜಾಗ, ಅಂಕಿ, ಅಳೆದವರ ಹೆಸರು, ಹಿಂದಿನ ದಿನ ಮಳೆ ಬಂದಿತ್ತಾ ಇಲ್ಲವಾ. ಏಪ್ರಿಲ್‌ನಲ್ಲಿ ಶಾಲೆ ಮುಚ್ಚುವ ಮುಂಚೆ ಮೀಟರಿನ ಬ್ಯಾಟರಿ ಬಿಚ್ಚಿಡಿ, ಇಲ್ಲದಿದ್ದರೆ ಸೋರಿ ಮೀಟರ್ ಹಾಳಾಗುತ್ತದೆ. ಏಳನೇ ತರಗತಿಯವರು ಹೋಗುವ ಮುಂಚೆ ಆರನೆಯವರನ್ನು ಕರೆದುಕೊಂಡು ಎಲ್ಲ ಜಾಗಕ್ಕೂ ಒಂದು ಸಲ ಹೋಗಿ ಬರಲಿ, ಸುಣ್ಣದ ಕಲ್ಲೂ ಸೇರಿ. ಬೇಸಿಗೆಯ ಮಳೆ ಓದಲು ಶಾಲೆ ಪಕ್ಕದ ಮನೆಯ ಮಗುವನ್ನು ಗೊತ್ತು ಮಾಡಿ. ಈ ಸಲ ನಮ್ಮಲ್ಲಿ ಆ ಕೆಲಸ ಗುಂಡಿ ನೀರಿನ ಹುಡುಗಿಯ ತಮ್ಮನದ್ದು. ಅವನಿನ್ನೂ ನಾಲ್ಕನೇ ತರಗತಿ. ಎರಡು ಸಾಲು ಮಾತ್ರ ಈಗಲೇ ಬರೆದುಕೊಂಡು ಬಂದು ತೋರಿಸಿದ್ದಾನೆ.